ಸೂಪಿನ ಸತ್ವ ಬಟ್ಟಲಿನ ತಳದಲ್ಲಿದೆ

ಮನೆಯಲ್ಲಿ ಒಬ್ಬರು ಜ್ವರದಿಂದ ಹಾಸಿಗೆ ಹಿಡಿದರೆ ಸಲಹೆ ಕೊಡುವವರಿಗೆ ಕೊರತೆ ಇರುವುದಿಲ್ಲ. ‘ಹೊಟ್ಟೆಗೆ ಏನೂ ಕೊಡಬೇಡಿ, ಜ್ವರ ತಾನಾಗಿ ಇಳಿಯುತ್ತದೆ’ ಎನ್ನುವವರು ಒಬ್ಬರು. ‘ತ್ರಾಣ ಬರಬೇಕಲ್ಲ, ಪಾಯಾ ಮಾಡಿ ಕುಡಿಸಿ’ ಎನ್ನುವವರು ಇನ್ನೊಬ್ಬರು. ನಮ್ಮ ಗೋಕಾಕದಲ್ಲಾದರೆ ಮೂರನೆಯವರು ನೋಡಲು ಬರುವಾಗಲೇ ಕೈಯಲ್ಲಿ ಕರದಂಟಿನ ಪೊಟ್ಟಣ ಹಿಡಿದಿರುತ್ತಾರೆ. ಅಂಟು, ಬೆಲ್ಲ, ಒಣಹಣ್ಣುಗಳ ಕರದಂಟು ಆರೋಗ್ಯವಂತರಿಗೂ ಬಾಣಂತಿಗೂ ಒಳ್ಳೆಯ ತಿನಿಸೇ. ಆದರೆ ನಾಲಿಗೆ ಕಹಿಯಾಗಿ, ಅನ್ನದ ವಾಸನೆಗೇ ಹೊಟ್ಟೆ ತೊಳಸುತ್ತಿರುವ ರೋಗಿಗೆ ಅದು ಭಾರ. ಉಪವಾಸ ಕೆಡವಿದರೂ ಕಷ್ಟ, ಭಾರದ ಊಟ ತುರುಕಿದರೂ ಕಷ್ಟ. ಈ ಎರಡರ ನಡುವೆ ರೋಗಿಯನ್ನು ಕೆಲವು ದಿನ ದಾಟಿಸುವ ಆಹಾರವೊಂದಿದೆ. ಅದೇ ಮನೆಯಲ್ಲಿ ಮಾಡಿದ ತರಕಾರಿ ಸೂಪ್.

ಸೂಪ್ ಎಂದರೆ ಹೋಟೆಲ್ಲಿನ ತಿನಿಸು, ಮದುವೆ ಹಾಲ್‌ನಲ್ಲಿ ಊಟಕ್ಕೆ ಮೊದಲು ಕಪ್‌ನಲ್ಲಿ ಕೊಡುವಂಥದ್ದು ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ನಮ್ಮ ಭಾಗದ ಹುರಳಿ ಕಟ್ಟು, ಕಟ್ಟಿನ ಸಾರು, ಜೋಳದ ಅಂಬಲಿ, ನಮ್ಮ ಮನೆಗಳ ಶೋರ್ಬಾ ಎಲ್ಲವೂ ಇದರ ಬಂಧುಗಳೇ. ಹೊಸದಾಗಿ ಕಲಿಯುವುದು ಹೆಚ್ಚೇನಿಲ್ಲ. ಆದರೆ ತಿದ್ದಿಕೊಳ್ಳಬೇಕಾದ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ.

ಬರೀ ನೀರಿನಿಂದ ಬಲ ಬರುವುದಿಲ್ಲ

‘ಡಾಕ್ಟ್ರ, ನಾಕ ದಿನ ಆತು, ಬರೀ ಬ್ಯಾಳಿ ನೀರ ಕುಡಸಾಕತ್ತೀವಿ. ಆದ್ರೂ ಮೈಯಾಗ ತ್ರಾಣನ ಬರವಲ್ದು.’ ದವಾಖಾನೆಯಲ್ಲಿ ಈ ಮಾತು ಕೇಳದ ವಾರವಿಲ್ಲ. ಬೇಳೆ ಬೇಯಿಸಿ, ಮೇಲಿನ ತಿಳಿನೀರು ಬಸಿದು ರೋಗಿಗೆ ಇಲ್ಲವೇ ಮಗುವಿಗೆ ಕೊಡುತ್ತಾರೆ. ಕೆಳಗಿನ ಬೇಳೆಯಿಂದ ಮನೆಮಂದಿಗೆ ಸಾರು ಮಾಡುತ್ತಾರೆ. ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ. ಬೇಳೆಯ ಸಾರವೆಲ್ಲ ನೀರಿಗೆ ಇಳಿದಿದೆ ಎಂಬ ನಂಬಿಕೆ ಅವರದು. ಆದರೆ ಬೇಳೆಯಲ್ಲಿರುವ ಪ್ರೋಟೀನಿನ ಬಹುಪಾಲು ಬೇಳೆಯಲ್ಲೇ ಉಳಿಯುತ್ತದೆ. ಆ ತಿಳಿನೀರಿನಲ್ಲಿ ಇರುವುದು ನೀರು, ಉಪ್ಪು, ಸ್ವಲ್ಪ ಲವಣಾಂಶ, ಸ್ವಲ್ಪ ರುಚಿ. ಸತ್ವ ಮನೆಮಂದಿಯ ತಟ್ಟೆಗೆ ಹೋಗಿ, ರೋಗಿಯ ಬಟ್ಟಲಿಗೆ ನೀರಷ್ಟೇ ಬಂದಿರುತ್ತದೆ.

ತರಕಾರಿಯ ಮಾತೂ ಇದೇ. ಕುದಿಸಿದಾಗ ಪೊಟ್ಯಾಶಿಯಂನಂಥ ಲವಣಗಳು ಮತ್ತು ನೀರಿನಲ್ಲಿ ಕರಗುವ ಕೆಲವು ವಿಟಮಿನ್‌ಗಳು ನೀರಿಗೆ ಇಳಿಯುತ್ತವೆ, ನಿಜ. ಆ ನೀರನ್ನು ಚೆಲ್ಲದೆ ಕುಡಿಯುವುದೇ ಸೂಪಿನ ಒಂದು ಲಾಭ. ಆದರೆ ನಾರಿನಂಶ, ಗಜ್ಜರಿಗೆ ಬಣ್ಣ ಕೊಡುವ ಕ್ಯಾರೋಟಿನ್, ಬೇಳೆಯ ಪ್ರೋಟೀನ್ ತಿರುಳಿನಲ್ಲೇ ಇರುತ್ತವೆ. ಆದ್ದರಿಂದ ಸೂಪನ್ನು ಜರಡಿಯಲ್ಲಿ ಸೋಸಿ ತಿರುಳು ಎಸೆಯಬೇಡಿ. ಚೆನ್ನಾಗಿ ಬೇಯಿಸಿ, ಮಸೆದು, ಎಲ್ಲವನ್ನೂ ಬಟ್ಟಲಿಗೆ ಹಾಕಿ. ರೋಗಿ ಮೇಲಿನ ನೀರು ಕುಡಿದು ತಳದ್ದನ್ನು ಬಿಟ್ಟರೆ ಚಮಚದಿಂದ ಅದನ್ನು ನಿಧಾನವಾಗಿ ತಿನ್ನಿಸಿ.

ಹಕೀಮರ ದಾರಿ

ಯುನಾನಿ ಪದ್ಧತಿಯಲ್ಲಿ ‘ಇಲಾಜ್ ಬಿಲ್ ಗಿಝಾ’, ಅಂದರೆ ಆಹಾರದಿಂದ ಚಿಕಿತ್ಸೆ ಎಂಬುದು ಒಂದು ಪ್ರತ್ಯೇಕ ವಿಭಾಗ. ಆಹಾರವನ್ನು ಅದರಲ್ಲಿ ಲಘು ಮತ್ತು ಭಾರ ಎಂದು ವಿಂಗಡಿಸುತ್ತಾರೆ. ಲತೀಫ್ ಎಂದರೆ ಬೇಗ ಜೀರ್ಣವಾಗುವುದು, ಕಸೀಫ್ ಎಂದರೆ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುವುದು. ಜ್ವರದಂಥ ತೀವ್ರ ಕಾಯಿಲೆಗಳಲ್ಲಿ ಲತೀಫ್ ಆಹಾರ ಕೊಡಬೇಕು, ರೋಗಿ ಚೇತರಿಸಿದಂತೆಲ್ಲ ಮೆಲ್ಲಗೆ ಗಟ್ಟಿ ಆಹಾರಕ್ಕೆ ಬರಬೇಕು ಎಂಬುದು ಅದರ ನಿಯಮ. ಗ್ರೀಸಿನ ಬುಖ್ರಾತ್, ಅಂದರೆ ಹಿಪೊಕ್ರೇಟಿಸ್ ಕಾಲದಿಂದಲೂ ಜ್ವರಕ್ಕೆ ಜವೆಗೋಧಿಯ ಗಂಜಿಯನ್ನು ಹೇಳಿದ್ದಾರೆ. ಇಬ್ನ್ ಸೀನಾ (980-1037) ಕೂಡ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಜ್ವರದ ರೋಗಿಗೆ ಜವೆಯ ನೀರನ್ನು ಸೂಚಿಸುತ್ತಾರೆ. ಯುನಾನಿ ವೈದ್ಯರು ಇಂದಿಗೂ ಇದನ್ನು ‘ಮಾಉಶ್ಶಈರ್’ ಎಂಬ ಹೆಸರಿನಿಂದ ಹೇಳಿ ಕೊಡುತ್ತಾರೆ. ಕಾಯಿಲೆ ಬಿದ್ದವರಿಗೂ ಸಾವಿನ ದುಃಖದಲ್ಲಿರುವವರಿಗೂ ಹಝ್ರತ್ ಆಯಿಶಾ(ರ) ಜವೆಯ ಹಿಟ್ಟಿನ ತಲ್ಬೀನಾ ಮಾಡಿಸುತ್ತಿದ್ದರೆಂದು ಹದೀಸ್‌ಗಳಲ್ಲಿ ಬಂದಿರುವುದು ಓದುಗರಿಗೆ ಗೊತ್ತಿರುವ ವಿಷಯ.

ಸೋರೆಕಾಯಿಯ ವಿಷಯವೂ ಹಾಗೆಯೇ. ಒಬ್ಬ ದರ್ಜಿ ಪ್ರವಾದಿ ಮುಹಮ್ಮದ್(ಸ)ರನ್ನು ಊಟಕ್ಕೆ ಕರೆದಾಗ ಜವೆಯ ರೊಟ್ಟಿ ಹಾಗೂ ಸೋರೆ ಮತ್ತು ಒಣಮಾಂಸ ಹಾಕಿದ ಸಾರು ಬಡಿಸಿದ ಪ್ರಸಂಗವನ್ನು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಪ್ರವಾದಿಯವರು ತಟ್ಟೆಯ ಸುತ್ತಲಿಂದ ಸೋರೆಯ ಹೋಳುಗಳನ್ನು ಆರಿಸಿ ತಿನ್ನುತ್ತಿದ್ದುದನ್ನು ಕಂಡ ದಿನದಿಂದ ತಮಗೂ ಅದು ಇಷ್ಟವಾಯಿತು ಎನ್ನುತ್ತಾರೆ ಅವರು. ಸಾರಿನಲ್ಲಿ ಹೋಳಿನ ಬೆಲೆ ಏನೆಂದು ನಮ್ಮ ಮಕ್ಕಳಿಗೆ ತಿಳಿಸಲು ಈ ಪ್ರಸಂಗ ಸಾಕು.

ಯುನಾನಿ ಲೆಕ್ಕದಲ್ಲಿ ಸೋರೆಯ ಮಿಝಾಜ್ ತಂಪು ಮತ್ತು ತೇವ. ಅದಕ್ಕೇ ಶುಂಠಿ, ಜೀರಿಗೆ, ಕರಿಮೆಣಸಿನಂಥ ಉಷ್ಣ ಪದಾರ್ಥಗಳನ್ನು ಸ್ವಲ್ಪ ಸೇರಿಸಿ ಸಮತೋಲ ಮಾಡುತ್ತಾರೆ. ಇವು ರುಚಿಯನ್ನೂ ಕೊಡುವುದರಿಂದ ಉಪ್ಪು ಕಡಿಮೆ ಹಾಕಿದರೂ ನಡೆಯುತ್ತದೆ. ಅಂದ ಹಾಗೆ, ಇಬ್ನ್ ಸೀನಾರ ಅಡುಗೆಮನೆಯಲ್ಲಿ ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ ಇರಲಿಲ್ಲ. ಇವು ಅಮೆರಿಕ ಖಂಡದಿಂದ ಬಂದವು, 15ನೇ ಶತಮಾನದ ಕೊನೆಯವರೆಗೆ ಈ ಕಡೆಯ ಜಗತ್ತಿಗೆ ಗೊತ್ತೇ ಇರಲಿಲ್ಲ. ಆದ್ದರಿಂದ ಟೊಮ್ಯಾಟೊ ಇಲ್ಲದಿದ್ದರೆ ಸೂಪ್ ಆಗುವುದಿಲ್ಲ ಎಂದೇನೂ ಇಲ್ಲ. ದರ ಏರಿದಾಗ ಅದನ್ನು ಬಿಟ್ಟು ನಿಂಬೆಹಣ್ಣು ಹಿಂಡಿದರೆ ಸಾಕು.

ಸಂತೆಯಿಂದ ಏನು ತರಬೇಕು

ದುಬಾರಿ ತರಕಾರಿ ಬೇಕಿಲ್ಲ. ಬ್ರೊಕೊಲಿ, ಬಣ್ಣದ ದೊಣ್ಣೆಮೆಣಸು ಹುಡುಕಿಕೊಂಡು ಬೆಳಗಾವಿಗೆ ಹೋಗುವ ಅಗತ್ಯವೂ ಇಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸಂತೆಗಳಲ್ಲಿ ಸಿಗುವ ತರಕಾರಿಯೇ ಸಾಕು. ನಾಲ್ಕು ಜನರಿಗೆ ನಾಲ್ಕು ಬಟ್ಟಲು ಸೂಪ್ ಮಾಡಲು ಇಷ್ಟು ಬೇಕು:

ಸೋರೆಕಾಯಿ, ಕಾಲು ಕಿಲೊ. ನಮ್ಮಲ್ಲಿ ಕೆಲವರು ಇದನ್ನೇ ಹಾಲುಗುಂಬಳ ಎನ್ನುತ್ತಾರೆ.
ಗಜ್ಜರಿ, ಅಂದರೆ ಕ್ಯಾರೆಟ್, ದೊಡ್ಡದು ಒಂದು.
ಟೊಮ್ಯಾಟೊ ಒಂದು, ಸಣ್ಣ ಉಳ್ಳಾಗಡ್ಡಿ ಒಂದು.
ಪಾಲಕ್ ಅಥವಾ ರಾಜಗಿರಿ ಸೊಪ್ಪು, ಹೆಚ್ಚಿದ್ದು ಒಂದು ಹಿಡಿ.
ಹೆಸರುಬೇಳೆ ಮೂರು ದೊಡ್ಡ ಚಮಚ, ಜವೆಗೋಧಿ ಎರಡು ದೊಡ್ಡ ಚಮಚ. ಕಿರಾಣಿ ಅಂಗಡಿಯಲ್ಲಿ ಬಾರ್ಲಿ ಎಂದು ಕೇಳಿ. ಸಿಗದಿದ್ದರೆ ಅಷ್ಟೇ ಜೋಳದ ನುಚ್ಚು.
ಶುಂಠಿ ಬೆರಳಿನ ಗೆಣ್ಣಿನಷ್ಟು, ಬಳ್ಳೊಳ್ಳಿ ಎರಡು ಎಸಳು, ಜೀರಿಗೆ ಅರ್ಧ ಚಮಚ, ಕುಟ್ಟಿದ ಕರಿಮೆಣಸು ಕಾಲು ಚಮಚ.
ಎಣ್ಣೆ ಅಥವಾ ತುಪ್ಪ ಎರಡು ಸಣ್ಣ ಚಮಚ.
ಉಪ್ಪು ಅರ್ಧ ಸಣ್ಣ ಚಮಚ, ಅರ್ಧ ನಿಂಬೆಹಣ್ಣು, ನೀರು ಐದು ಲೋಟ, ಅಂದರೆ ಸುಮಾರು ಒಂದು ಲೀಟರ್.

ಮಾಡುವ ವಿಧಾನ

ಜವೆಗೋಧಿಯನ್ನು ಎರಡು ತಾಸು ಮೊದಲೇ ನೆನೆಹಾಕಿ. ಕುಕ್ಕರ್‌ನಲ್ಲಿ ಎಣ್ಣೆ ಬಿಸಿ ಮಾಡಿ ಜೀರಿಗೆ ಚಟಪಟ ಎಂದ ಮೇಲೆ ಬಳ್ಳೊಳ್ಳಿ, ಶುಂಠಿ, ಉಳ್ಳಾಗಡ್ಡಿ ಹಾಕಿ ಮೆತ್ತಗಾಗುವವರೆಗೆ ಬಾಡಿಸಿ. ಕೆಂಪಗೆ ಹುರಿಯುವುದು ಬೇಡ. ಸೋರೆ, ಗಜ್ಜರಿ, ಟೊಮ್ಯಾಟೊ ಹೋಳುಗಳು, ತೊಳೆದ ಬೇಳೆ ಮತ್ತು ಜವೆ ಸೇರಿಸಿ, ನೀರು ಹಾಕಿ ಮುಚ್ಚಿ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ ಹತ್ತು ನಿಮಿಷ ಬಿಡಿ. ಒತ್ತಡ ತಾನಾಗಿ ಇಳಿದ ಬಳಿಕ ಮುಚ್ಚಳ ತೆಗೆದು ಕಡಗೋಲಿನಿಂದ ಮಸೆಯಿರಿ. ಮಿಕ್ಸರ್ ಬೇಕೆಂದೇನಿಲ್ಲ. ಮಿಕ್ಸರ್‌ಗೆ ಹಾಕುವುದಾದರೆ ಆರಿದ ಮೇಲೆ ಹಾಕಿ. ಬಿಸಿ ಸೂಪ್ ಜಾರಿನ ಮುಚ್ಚಳವನ್ನು ಹಾರಿಸಿ ಕೈ ಮುಖ ಸುಡುತ್ತದೆ.

ಈಗ ಮತ್ತೆ ಒಲೆಯ ಮೇಲಿಟ್ಟು ಕುದಿ ಬಂದಾಗ ಸೊಪ್ಪು ಹಾಕಿ. ಎರಡು ಮೂರು ನಿಮಿಷ ಸಾಕು. ಉಪ್ಪು ಮತ್ತು ಮೆಣಸಿನ ಪುಡಿ ಹಾಕಿ ಇಳಿಸಿ. ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆ ಹಿಂಡಬೇಕು. ಅದರಲ್ಲಿರುವ ವಿಟಮಿನ್ ಸಿ ಹೆಚ್ಚು ಕಾಯಿಸಿದರೆ ನಷ್ಟವಾಗುತ್ತದೆ. ಎಣ್ಣೆ ಪೂರ್ತಿ ಬೇಡ ಎನ್ನುವವರಿಗೆ ಒಂದು ಮಾತು: ಗಜ್ಜರಿ ಮತ್ತು ಸೊಪ್ಪಿನ ಕ್ಯಾರೋಟಿನ್ ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕೇ ಬೇಕು. ಎರಡು ಚಮಚ ನಾಲ್ಕು ಜನರಿಗೆ ಹೆಚ್ಚಲ್ಲ. ಬೇಳೆ ಮತ್ತು ಜವೆಯಿಂದಲೇ ಸೂಪ್ ದಪ್ಪಗಾಗುವುದರಿಂದ ಕಾರ್ನ್‌ಫ್ಲೋರ್, ಮೈದಾ ಬೇಕಿಲ್ಲ.

ಸೋರೆಯ ಚೂರು ನಾಲಿಗೆಗೆ ಇಟ್ಟು ನೋಡಿ

ಇದನ್ನು ದಯವಿಟ್ಟು ಮರೆಯಬೇಡಿ. ಸೋರೆಕಾಯಿ ಹೆಚ್ಚುವ ಮೊದಲು ಅದರ ಒಂದು ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಉಗುಳಿ, ಬಾಯಿ ಮುಕ್ಕಳಿಸಿ, ಇಡೀ ಕಾಯಿಯನ್ನು ಎಸೆಯಿರಿ. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಾಂಶ ಇರುತ್ತದೆ. ಕಹಿ ಸೋರೆಯ ಹಸಿ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳು ಸಂಭವಿಸಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕಾಗಿಯೇ ತಜ್ಞರ ಸಮಿತಿ ನೇಮಿಸಿ, ಕಹಿ ರಸವನ್ನು ಕುಡಿಯಲೇಬಾರದು ಎಂದು ಎಚ್ಚರಿಸಿದೆ. ಈ ವಿಷಕ್ಕೆ ಪ್ರತ್ಯೇಕ ಮದ್ದಿಲ್ಲ. ಬೇಯಿಸಿದರೆ ಕಹಿ ಹೋಗುತ್ತದೆ, ಬೆಲ್ಲ ಹಾಕಿದರೆ ಸರಿಯಾಗುತ್ತದೆ ಎಂಬುದು ಸುಳ್ಳು. ತಿಂದ ಸ್ವಲ್ಪ ಹೊತ್ತಿಗೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೀರೆಕಾಯಿ, ಸೌತೆಕಾಯಿ ಕಹಿಯಿದ್ದರೂ ಇದೇ ಎಚ್ಚರ ಇರಲಿ.

ಉಪ್ಪು ಮತ್ತು ಪೊಟ್ಟಣದ ಸೂಪ್

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬ ವಯಸ್ಕರು ದಿನಕ್ಕೆ ತಿನ್ನುವ ಒಟ್ಟು ಉಪ್ಪು 5 ಗ್ರಾಂ ದಾಟಬಾರದು. ಅದು ಸರಿಸುಮಾರು ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಫರಸಾಣ ಎಲ್ಲ ಇದರಲ್ಲೇ ಸೇರಬೇಕು. ನಾವು ಹೇಳಿದ ಸೂಪಿನಲ್ಲಿ ಒಬ್ಬರ ಪಾಲಿಗೆ ಮುಕ್ಕಾಲು ಗ್ರಾಂ ಆಸುಪಾಸು ಉಪ್ಪು ಬರುತ್ತದೆ. ಅದಕ್ಕಿಂತ ಹೆಚ್ಚು ಬೇಡ.

ಅಂಗಡಿಯ ಪೊಟ್ಟಣದ ಸೂಪ್ ತರುವುದಿದ್ದರೆ ಹಿಂಬದಿಯ ಸಣ್ಣ ಅಕ್ಷರಗಳನ್ನು ಮಕ್ಕಳಿಂದ ಓದಿಸಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚಿದೆಯೋ ಅದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಮೊದಲ ಸ್ಥಾನಗಳಲ್ಲಿ ಮೈದಾ ಅಥವಾ ಕಾರ್ನ್‌ಫ್ಲೋರ್, ಸಕ್ಕರೆ, ಉಪ್ಪು ಇದ್ದು ಒಣ ತರಕಾರಿ ಕೊನೆಗೆ ಬಂದಿದ್ದರೆ ನೀವು ಕೊಳ್ಳುತ್ತಿರುವುದು ಏನೆಂದು ಅರ್ಥವಾಗುತ್ತದೆ. ಸೋಡಿಯಂ ಎಂದು ಬರೆದಿರುವ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಬಿಪಿ ಇರುವ ಹಿರಿಯರು ‘ಅನ್ನ ಬೇಡ, ಸೂಪ್ ಸಾಕು’ ಎಂದು ದಿನವೂ ಇದನ್ನೇ ಕುಡಿಯುತ್ತಿದ್ದರೆ ಅವರು ಕುಡಿಯುತ್ತಿರುವುದು ಉಪ್ಪುನೀರು ಎಂದೇ ತಿಳಿಯಿರಿ.

ಯಾರಿಗೆ, ಹೇಗೆ, ಎಷ್ಟು

ಜ್ವರದ ರೋಗಿಗೆ: ಒಂದೇ ಸಲ ದೊಡ್ಡ ಬಟ್ಟಲು ಕೊಡಬೇಡಿ. ಎರಡು ಮೂರು ತಾಸಿಗೊಮ್ಮೆ ಅರ್ಧ ಬಟ್ಟಲು ಕೊಡಿ. ಹಸಿವು ಮರಳಿದ ಕೂಡಲೇ ಮೆತ್ತನೆ ಅನ್ನ, ಖಿಚಡಿ, ಮೊಸರು ಶುರುಮಾಡಿ. ಸೂಪ್ ಜ್ವರಕ್ಕೆ ಔಷಧಿ ಅಲ್ಲ. ಜ್ವರ ಎರಡು ದಿನ ದಾಟಿದರೆ, ಅಥವಾ ವಾಂತಿ, ಮೈಮೇಲೆ ಕಲೆ, ತೀವ್ರ ಹೊಟ್ಟೆನೋವು, ಉಸಿರಾಟದ ತೊಂದರೆ ಕಂಡರೆ ವೈದ್ಯರ ಬಳಿ ಹೋಗಲೇಬೇಕು.

ಭೇದಿಯಾದಾಗ: ಮೊದಲು ಒಆರ್‌ಎಸ್. ಅದರ ಜಾಗದಲ್ಲಿ ಸೂಪ್ ನಿಲ್ಲುವುದಿಲ್ಲ, ಅದರ ಜೊತೆಗೆ ತೆಳ್ಳಗೆ ಮಾಡಿ ಕೊಡಬಹುದು.

ಹಿರಿಯರಿಗೆ: ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೆ ಸೂಪ್ ಅನುಕೂಲ. ಆದರೆ ಲೆಕ್ಕ ನೋಡಿ. ಮೇಲಿನ ಸೂಪಿನ ಒಂದು ಬಟ್ಟಲಿನಲ್ಲಿ ಸಿಗುವುದು ಸುಮಾರು 4 ಗ್ರಾಂ ಪ್ರೋಟೀನ್. 60 ಕಿಲೊ ತೂಕದವರಿಗೆ ದಿನಕ್ಕೆ 50 ಗ್ರಾಂ ಆಸುಪಾಸು ಬೇಕು. ದಿನವಿಡೀ ಸೂಪಿನಲ್ಲೇ ಕಳೆದರೆ ಮಾಂಸಖಂಡ ಕರಗಿ, ಏಳಲು ಕೂರಲು ಆಗದೆ ಬಿದ್ದು ಎಲುಬು ಮುರಿದುಕೊಳ್ಳುತ್ತಾರೆ. ಅವರ ಬಟ್ಟಲಿಗೆ ಕುದಿಯುವಾಗಲೇ ಒಂದು ಮೊಟ್ಟೆ ಒಡೆದು ಕಲಕಿ, ಸುಮಾರು 6 ಗ್ರಾಂ ಪ್ರೋಟೀನ್ ಹೆಚ್ಚುತ್ತದೆ. ಬೆಂದ ಕೋಳಿಮಾಂಸವನ್ನು ಎಳೆ ಬಿಡಿಸಿ ಹಾಕಬಹುದು, ಬೇಳೆ ಹೆಚ್ಚಿಸಬಹುದು.

ಮಗುವಿಗೆ: ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ. ಆಮೇಲೆ ಮೇಲಿನ ಸೂಪಿನ ತಿರುಳನ್ನೇ, ಉಪ್ಪು ಮತ್ತು ಕರಿಮೆಣಸು ಹಾಕುವ ಮೊದಲು ತೆಗೆದಿಟ್ಟು, ನುಣ್ಣಗೆ ಮಸೆದು, ಸ್ವಲ್ಪ ತುಪ್ಪ ಸೇರಿಸಿ ತಿನ್ನಿಸಿ. ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯಬಾರದು, ಅಷ್ಟು ಗಟ್ಟಿ ಇರಬೇಕು. ಮಗುವಿನ ಹೊಟ್ಟೆ ಸಣ್ಣದು. ಅದನ್ನು ಬೇಳೆ ನೀರಿನಿಂದ ತುಂಬಿಸಿದರೆ ಆಹಾರಕ್ಕೆ ಜಾಗ ಉಳಿಯುವುದಿಲ್ಲ. ಒಂದು ವರ್ಷದವರೆಗೆ ಜೇನುತುಪ್ಪವನ್ನೂ ಕೊಡಬಾರದು.

ಸಕ್ಕರೆ ಕಾಯಿಲೆಯವರಿಗೆ: ಆಲೂಗಡ್ಡೆ, ಕಾರ್ನ್‌ಫ್ಲೋರ್, ಸಿಹಿ ಜೋಳ ಬೇಡ. ಊಟಕ್ಕೆ ಮೊದಲು ಒಂದು ಬಟ್ಟಲು ಕುಡಿದರೆ ರೊಟ್ಟಿ, ಅನ್ನ ತಾನಾಗಿ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಮಾತ್ರೆ, ಇನ್ಸುಲಿನ್ ತೆಗೆದುಕೊಂಡು ಬರೀ ಸೂಪ್ ಕುಡಿದು ಮಲಗಬಾರದು. ರಾತ್ರಿ ಸಕ್ಕರೆ ಪ್ರಮಾಣ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಮೂತ್ರಪಿಂಡದ ಕಾಯಿಲೆಯವರಿಗೆ: ಎಲ್ಲರಿಗೂ ಲಾಭವಾಗುವ ಸೂಪ್ ಇವರಿಗೆ ತೊಂದರೆ ಕೊಡಬಹುದು. ತರಕಾರಿಯ ಪೊಟ್ಯಾಶಿಯಂ ಪೂರ್ತಿ ಸೂಪಿನಲ್ಲೇ ಉಳಿಯುತ್ತದೆ. ಕೆಲಸ ಮಾಡದ ಮೂತ್ರಪಿಂಡ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ನೀರಿನ ಮಿತಿ ಹೇಳಿರುವ ಹೃದ್ರೋಗಿಗಳಿಗೆ ಸೂಪ್ ಕೂಡ ಆ ಲೆಕ್ಕದಲ್ಲೇ ಬರುತ್ತದೆ. ಇವರು ತಮ್ಮ ವೈದ್ಯರನ್ನು ಕೇಳದೆ ಸೂಪ್ ಶುರುಮಾಡಬಾರದು.

ನೀರು ಮತ್ತು ಸ್ವಚ್ಛತೆ

ಮಳೆಗಾಲದಲ್ಲಿ ಘಟಪ್ರಭಾ, ಮಾರ್ಕಂಡೇಯ ತುಂಬಿದಾಗ ನಳದ ನೀರು ಕೆಂಪಗೆ ಬರುವುದುಂಟು. 2019ರ ಆಗಸ್ಟ್‌ನಲ್ಲಿ ನದಿ ಊರೊಳಗೇ ಬಂದು ಗೋಕಾಕದ ಎಷ್ಟೋ ಮನೆಗಳ ಅಡುಗೆಕೋಣೆ ಕೆಸರಾದದ್ದು ನಮಗೆಲ್ಲ ನೆನಪಿದೆ. ಇಂಥ ದಿನಗಳಲ್ಲಿ ಸೂಪ್ ಹೇಗೂ ಕುದಿಯುತ್ತದಲ್ಲ ಎಂದು ಕಲಕು ನೀರು ಹಾಕಬೇಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ಕೆಸರು ಮತ್ತು ರಾಸಾಯನಿಕ ಹೋಗುವುದಿಲ್ಲ. ನೀರನ್ನು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ಬಳಸಿ. ಪ್ರವಾಹದ ನೀರು ಮುಟ್ಟಿದ ಹೊಲದ ಸೊಪ್ಪು ತರಬೇಡಿ.

ತರಕಾರಿಯನ್ನು ಹೆಚ್ಚುವ ಮೊದಲು ತೊಳೆಯಬೇಕು, ಹೆಚ್ಚಿದ ಮೇಲಲ್ಲ. ಸೊಪ್ಪನ್ನು ಅಗಲ ಪಾತ್ರೆಯಲ್ಲಿ ಮುಳುಗಿಸಿ, ತಳದಲ್ಲಿ ಮಣ್ಣು ನಿಲ್ಲುವುದು ತಪ್ಪುವವರೆಗೆ ನೀರು ಬದಲಿಸಿ. ಮಾಂಸ ಕತ್ತರಿಸಿದ ಮಣೆ, ಚಾಕು ತೊಳೆಯದೆ ತರಕಾರಿಗೆ ಬಳಸಬೇಡಿ. ಬಕ್ರೀದ್ ದಿನಗಳಲ್ಲಿ ಇದನ್ನು ವಿಶೇಷವಾಗಿ ನೆನಪಿಡಿ.

ಮಾಡಿದ ಸೂಪನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬೇಡಿ, ನಮ್ಮ ಬೇಸಿಗೆಯಲ್ಲಿ ಒಂದೇ ತಾಸು. ಫ್ರಿಜ್‌ನಲ್ಲಿಟ್ಟರೆ ಮರುದಿನದೊಳಗೆ ಮುಗಿಸಿ. ಕುಡಿಯುವಷ್ಟನ್ನು ಮಾತ್ರ ತೆಗೆದು, ಬೆಚ್ಚಗೆ ಮಾಡಿದರೆ ಸಾಲದು, ಗುಳುಗುಳು ಕುದಿಸಿ. ರಾತ್ರಿಯಿಡೀ ಕರೆಂಟು ಹೋಗಿದ್ದರೆ ರೋಗಿಗೆ ಆ ಸೂಪ್ ಬೇಡ.

ಇಫ್ತಾರ್‌ಗೂ ನೆರೆಮನೆಗೂ

ರಮಝಾನಿನಲ್ಲಿ ಖರ್ಜೂರ, ನೀರಿನ ನಂತರ ಭಜಿ, ಸಮೋಸಾದಿಂದ ಹೊಟ್ಟೆ ತುಂಬಿಸುವ ಬದಲು ಒಂದು ಬಟ್ಟಲು ಈ ಸೂಪ್ ಕುಡಿದು ಮಗ್ರಿಬ್ ನಮಾಝ್ ಮಾಡಿ. ದಿನವಿಡೀ ಖಾಲಿ ಇದ್ದ ಹೊಟ್ಟೆಗೆ ನೀರು, ಲವಣ, ಮೆತ್ತನೆ ಆಹಾರ ಒಟ್ಟಿಗೆ ಸಿಗುತ್ತದೆ. ಎದೆಯುರಿ, ಹುಳಿತೇಗು ಕಡಿಮೆಯಾಗುತ್ತದೆ, ತರಾವೀಹ್‌ಗೆ ನಿಲ್ಲುವಾಗ ಮೈ ಭಾರ ಎನಿಸುವುದಿಲ್ಲ.

ಸಾರು ಮಾಡುವಾಗ ನೀರು ಹೆಚ್ಚು ಹಾಕಿ, ನೆರೆಯವರನ್ನು ನೆನೆಯಬೇಕೆಂದು ಪ್ರವಾದಿಯವರು(ಸ) ಅಬೂದರ್ರ್(ರ)ರಿಗೆ ಹೇಳಿದ್ದನ್ನು ನಾವು ಓದಿದ್ದೇವೆ. ನಮ್ಮ ಓಣಿಗಳಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡು ಲಿಂಗಾಯತರ, ಜೈನರ ಮನೆಗಳಿವೆ. ಯಖ್ನಿ, ಪಾಯಾ ಆ ಮನೆಗಳಿಗೆ ಕಳಿಸುವಂತಿಲ್ಲ. ತರಕಾರಿ ಸೂಪಿಗೆ ಆ ಅಡ್ಡಿಯಿಲ್ಲ. ಜೈನರ ಮನೆಗಾದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ, ಹಸಿಶುಂಠಿ ಬಿಟ್ಟು ಸೋರೆ, ಹೆಸರುಬೇಳೆ, ಜೀರಿಗೆಯಿಂದ ಮಾಡಿ, ಮೊದಲೇ ಒಂದು ಮಾತು ಕೇಳಿ, ಹಗಲಿರುವಾಗಲೇ ಕಳಿಸಿ. ಪಕ್ಕದ ಮನೆಯ ಅಜ್ಜಿ ಮಗ್ಗುಲಾಗಿದ್ದಾರೆ, ಮಕ್ಕಳು ದೂರದ ಊರಿನಲ್ಲಿದ್ದಾರೆ ಎಂದು ಗೊತ್ತಾದ ದಿನ ಡಬರಿಗೆ ಎರಡು ಲೋಟ ನೀರು ಹೆಚ್ಚು ಹಾಕಿ. ನೀರಿನ ಜೊತೆಗೆ ಒಂದು ಹಿಡಿ ಬೇಳೆಯನ್ನೂ ಹೆಚ್ಚು ಹಾಕಲು ಮರೆಯಬೇಡಿ.